ಪೆನ್ಸಿಲ್ ತಾಕದ ಮುಖ

ಜೂನ್ 10

ಅಪ್ಪನಿಗೆ,

ಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಜಗಳ ಮುಗಿಯಿತು ಅಂತ ತಿಳಿಯಬೇಡಿ. ಒಂದೇ ಒಂದು ವಿಷಯ ಕೇಳುವುದಿದೆ, ಅದನ್ನು ಬಲ್ಲವರು ಈಗ ನೀವೊಬ್ಬರೇ ಉಳಿದಿದ್ದೀರಿ. ನಿಮ್ಮ ಫೋಟೋ ಸ್ಟುಡಿಯೋಗೆ ಫೋನ್ ಮಾಡಬಹುದಿತ್ತು. ನಿಮ್ಮ ದನಿ ಕೇಳಿದರೆ ಕೇಳಬೇಕಾದದ್ದು ಬಿಟ್ಟು ಬೇರೇನೋ ಬಾಯಿಗೆ ಬರುತ್ತದೆ, ಅದಕ್ಕೇ ಕಾಗದ.

ನನಗೆ ಚಿಕ್ಕಂದಿನಲ್ಲಿ ಸೀತಾಳ ಸಿಡುಬು ಬಂದಿತ್ತೇ?

ಯಾಕೆ ಅಂತ ಹೇಳುತ್ತೇನೆ. ನಾನೀಗ ಆರು ತಿಂಗಳ ಬಸುರಿ. ಅಕ್ಕ ಹೇಳಿರಬೇಕು, ಅವಳ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ. ನಾನು ಕೆಲಸ ಮಾಡುವ ಶಿಶುವಿಹಾರದಲ್ಲಿ ಒಂದು ಚೋಟುದ್ದದ ಹುಡುಗಿ ಇದ್ದಾಳೆ, ನಾವೆಲ್ಲ ಗುಬ್ಬಚ್ಚಿ ಅಂತ ಕರೆಯುವುದು. ಶನಿವಾರ ಮಂಕಾಗಿದ್ದಳು. ಮೈ ಬೆಚ್ಚಗಿತ್ತು. ಪಾಪ ಅನ್ನಿಸಿ ಎರಡು ಗಂಟೆ ತೊಡೆಯ ಮೇಲೆ ಮಲಗಿಸಿಕೊಂಡೆ. ಸೋಮವಾರ ಅವಳ ತಾಯಿ ಬಂದು, "ಮೈ ತುಂಬಾ ನೀರುಗುಳ್ಳೆ ಎದ್ದಿದೆ ಟೀಚರ್, ಚಿಕನ್ ಪಾಕ್ಸ್ ಅಂದ್ರು ಡಾಕ್ಟ್ರು" ಎಂದಳು. ಗುಳ್ಳೆ ಕಾಣಿಸಿಕೊಳ್ಳುವುದಕ್ಕೆ ಎರಡು ದಿನ ಮೊದಲೇ ಅದು ಉಸಿರಿನಲ್ಲಿ ಹರಡುತ್ತದಂತೆ.

ಸಂಜೆಯೇ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಒಂದ್ಸಲ ಬಂದು ಹೋಗಿದ್ರೆ ಭಯ ಬೇಡ, ಮೈಯಲ್ಲೇ ಕಾವಲು ಇರುತ್ತೆ. ಬಂದಿಲ್ಲ ಅಂದ್ರೆ ಮಾತ್ರ ಹುಷಾರಾಗಿರಬೇಕು. ಮಕ್ಕಳಿಗೆ ಬಂದ್ರೆ ವಾರ ಕೆರ್ಕೊಂಡು ಎದ್ದು ಓಡಾಡ್ತಾವೆ. ಬಸುರಿಯರಿಗೆ ಹಾಗಲ್ಲ, ಶ್ವಾಸಕೋಶಕ್ಕೆ ಇಳಿದ್ರೆ ಜೀವಕ್ಕೇ ಬರುತ್ತೆ. ಮನೇಲಿ ಕೇಳಿ. ಗೊತ್ತಿಲ್ಲ ಅಂದ್ರೆ ರಕ್ತ ಪರೀಕ್ಷೆ ಮಾಡಿಸಿ, ತಾಕಿದ ಹತ್ತು ದಿನದೊಳಗೆ ಒಂದು ಇಂಜೆಕ್ಷನ್ ಕೊಡಬೇಕು. ಅದು ಇಲ್ಲಿ ಸಿಗಲ್ಲ, ದೊಡ್ಡಾಸ್ಪತ್ರೆಯಿಂದ ತರಿಸಬೇಕು." ಹತ್ತನೆಯ ದಿನ ಬರುವ ಮಂಗಳವಾರ.

ಅಕ್ಕನನ್ನು ಕೇಳಿದೆ. ಅವಳಿಗೆ ಏಳು ವರ್ಷ ಆಗಿದ್ದಾಗ ಬಂದದ್ದು ನೆನಪಿದೆ, ಕೆರೆಯದಂತೆ ಅಮ್ಮ ಎರಡೂ ಕೈಗೆ ಕಾಲುಚೀಲ ಹಾಕಿ ಕಟ್ಟಿದ್ದಳಂತೆ. ನನ್ನ ವಿಷಯ ಕೇಳಿದರೆ, "ನನಗೆ ನನ್ನ ತುರಿಕೆನೇ ಸಾಕಾಗಿತ್ತು ಕಣೆ, ನಿನ್ನ ಯಾರು ನೋಡಿದ್ರು" ಎನ್ನುತ್ತಾಳೆ. ಆ ವರ್ಷ ನೀವು ನಮ್ಮಿಬ್ಬರನ್ನೂ ಕೂರಿಸಿ ತೆಗೆದ ಫೋಟೋ ನನ್ನ ಹತ್ತಿರ ಇದೆ. ಇಬ್ಬರ ಮುಖವೂ ತೊಳೆದಿಟ್ಟ ತಟ್ಟೆಯ ಹಾಗೆ ನುಣ್ಣಗಿದೆ. ನೀವು ತಿದ್ದಿದ ಫೋಟೋ ಯಾವ ಸಾಕ್ಷಿಗೂ ಬರುವುದಿಲ್ಲ ಬಿಡಿ.

ಬೇಗ ಉತ್ತರಿಸಿ. ಹೌದು ಅಥವಾ ಇಲ್ಲ, ಅಷ್ಟು ಸಾಕು.

ಇಂತಿ,
ನಿಮ್ಮ ಕಿರಿಯ ಮಗಳು

*

ಜೂನ್ 12

ಮೊಂಡಿ,

ನಿನ್ನ ಕಾಗದ ನಿನ್ನೆ ಬಂತು. ಲಕೋಟೆಯ ಮೇಲಿನ ಅಕ್ಷರ ನೋಡಿ ಅಂಗಡಿಯ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಪಾಸ್‌ಪೋರ್ಟ್ ಫೋಟೋಗೆ ಬಂದಿದ್ದವನು "ಏನ್ ಸಾರ್, ಕೆಟ್ಟ ಸುದ್ದಿನಾ" ಎಂದು ಕೇಳಿದ. "ಅಲ್ಲಪ್ಪಾ, ಮಗಳು" ಎಂದೆ. ನನ್ನನ್ನು 'ನೀವು' ಅಂತ ಬರೆದಿದ್ದೀಯ. ಇರಲಿ. ಬೈಯುವುದಕ್ಕಾದರೂ ಬರೆದೆಯಲ್ಲ.

ಉತ್ತರ: ಹೌದು. ಬಂದಿತ್ತು. ಇಬ್ಬರಿಗೂ ಒಟ್ಟಿಗೇ ಬಂದಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ನೀನು ಹೇಳುವ ಆ ಫೋಟೋದ ನೆಗೆಟಿವ್ ಮೇಲೆ ಸೀಸದಕಡ್ಡಿ ಹಿಡಿದು ಒಂದೊಂದೇ ಕಲೆ ಮುಚ್ಚಿದವನು ನಾನು. ಮುಖದ ಮೇಲಿನ ಕಪ್ಪು ಚುಕ್ಕೆ ನೆಗೆಟಿವ್‌ನಲ್ಲಿ ಬಿಳಿಯ ತೂತಿನ ಹಾಗೆ ಕಾಣುತ್ತದೆ, ಅದನ್ನು ಪೆನ್ಸಿಲ್ ಮೊನೆಯಿಂದ ತುಂಬಬೇಕು. ಎರಡು ಮುಖ ತಿದ್ದಿ ಮುಗಿಸುವ ಹೊತ್ತಿಗೆ ಕುತ್ತಿಗೆ ಹಿಡಿದುಕೊಂಡಿತ್ತು. ನಿಮ್ಮಮ್ಮ ಬೈದಿದ್ದಳು, "ಮಕ್ಕಳ ಮುಖ ಇದ್ದ ಹಾಗೆ ಇರ್ಲಿ ಬಿಡ್ರೀ, ಯಾವ ರಾಜ ನೋಡ್ಬೇಕು" ಅಂತ. ಅಷ್ಟು ಚೆನ್ನಾಗಿ ನೆನಪಿದೆ ನನಗೆ.

ಆದ್ದರಿಂದ ನಿಶ್ಚಿಂತೆಯಿಂದಿರು. ಏನೂ ಆಗುವುದಿಲ್ಲ. ಬಸುರಿ ಹೆಂಗಸು ಸುಮ್ಮನೆ ರಕ್ತ ಕೊಟ್ಟು ನಿಶ್ಶಕ್ತಿ ಮಾಡಿಕೊಳ್ಳಬೇಡ. ಹಾಲು ಕುಡಿ. ಹಾಲಿನ ವ್ಯಾನ್ ಓಡಿಸುವ ಗಂಡ ಇದ್ದೂ ಹಾಲು ಕುಡಿಯುವುದಿಲ್ಲ ನೀನು, ಅದೂ ಅಕ್ಕ ಹೇಳಿದಳು.

ನಿನ್ನ ಅಪ್ಪ

*

ಜೂನ್ 13

ಅಪ್ಪನಿಗೆ,

ಕಾಗದ ತಲುಪಿತು. ಡಾಕ್ಟರಮ್ಮನಿಗೆ ಹೇಳಿದೆ. "ನಿಮ್ಮ ತಂದೆಗೆ ಖಚಿತವಾಗಿ ನೆನಪಿದೆಯಾ?" ಎಂದು ಎರಡು ಸಲ ಕೇಳಿದರು. ಇದೆ ಎಂದೆ. ಹಾಗಿದ್ದರೆ ಪರೀಕ್ಷೆ ಬೇಡ ಎಂದರು. ನಾಳೆಯಿಂದ ಮತ್ತೆ ಕೆಲಸಕ್ಕೆ ಹೋಗುತ್ತೇನೆ.

ನಿಮ್ಮ ಕಾಗದ ಓದಿ ಸಮಾಧಾನ ಆಗಬೇಕಿತ್ತು. ಆಗಿದೆ ಕೂಡ. ಆದರೆ "ಏನೂ ಆಗುವುದಿಲ್ಲ" ಎಂಬ ಮಾತಿನ ಮೇಲೆ ಕಣ್ಣು ಸಿಕ್ಕಿಹಾಕಿಕೊಂಡಿತು. ಮೂರು ವರ್ಷದ ಹಿಂದೆ ನಾನು ಟೀಚರ್ ಟ್ರೈನಿಂಗ್ ಹಾಸ್ಟೆಲಿನಲ್ಲಿದ್ದಾಗ ಇದೇ ಅಕ್ಷರದಲ್ಲಿ ಬಂದಿತ್ತು: ಅಮ್ಮನಿಗೆ ಸಣ್ಣ ಜ್ವರ, ಏನೂ ಆಗುವುದಿಲ್ಲ, ನೀನು ಬರಬೇಡ, ಪರೀಕ್ಷೆ ಮುಗಿಸು. ಪರೀಕ್ಷೆ ಮುಗಿಸಿ ಬಂದೆ. ಆಸ್ಪತ್ರೆಯ ಮಂಚದ ಮೇಲೆ ಹಾಸಿಗೆಯೂ ಇರಲಿಲ್ಲ, ಆಯಾ ಕಬ್ಬಿಣದ ಪಟ್ಟಿ ಒರೆಸುತ್ತಿದ್ದಳು.

ಈ ಸಲ ನಂಬಿದ್ದೇನೆ. ಬೇರೆ ದಾರಿ ಇಲ್ಲ ಅಂತ ಅಲ್ಲ. ನಂಬಬೇಕು ಅನ್ನಿಸಿತು.

ಇಂತಿ,
ನಿಮ್ಮ ಮಗಳು

*

ಜೂನ್ 15, ಭಾನುವಾರ, ಬೆಳಗ್ಗೆ ಹತ್ತೂವರೆ

ಮೊಂಡಿ,

ಇದನ್ನು ಓದಿದ ತಕ್ಷಣ ನಿಂತ ಕಾಲಲ್ಲಿ ಡಾಕ್ಟರ ಹತ್ತಿರ ಹೋಗು. ಉಳಿದದ್ದನ್ನು ದಾರಿಯಲ್ಲಿ ಓದು.

ನಿನಗೆ ಬಂದಿರಲಿಲ್ಲ. ನಾನು ಬರೆದದ್ದು ತಪ್ಪು.

ನಿನ್ನ ಕಾಗದ ನಿನ್ನೆ ಮಧ್ಯಾಹ್ನ ಬಂತು. ಓದಿದ ಮೇಲೆ ನನ್ನ ನೆನಪಿನ ಮೇಲೆ ನನಗೇ ಅನುಮಾನ ಬಂತು. ಅಂಗಡಿ ಬಾಗಿಲು ಎಳೆದು, ಅಟ್ಟದಿಂದ ಹಳೆಯ ನೆಗೆಟಿವ್ ಡಬ್ಬಗಳನ್ನು ಇಳಿಸಿದೆ. ಹುಡುಕಿ ಹುಡುಕಿ, ಇವತ್ತು ಬೆಳಗ್ಗೆ ಎಂಟಕ್ಕೆ ಸಿಕ್ಕಿತು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಪೆನ್ಸಿಲ್ ಆಡಿಸಿದ ಜಾಗ ಮಿಣಮಿಣ ಹೊಳೆಯುತ್ತದೆ. ದೊಡ್ಡವಳ ಮುಖದ ತುಂಬಾ ಹೊಳೆಯಿತು. ಹತ್ತಿಗೆ ಟರ್ಪೆಂಟೈನ್ ಹಾಕಿ ಒರೆಸಿದೆ, ಹಣೆ, ಕೆನ್ನೆ, ಗದ್ದ, ಎಲ್ಲಾ ಕಡೆ ಕಲೆ ಎದ್ದು ಬಂತು. ನಿನ್ನ ಮುಖವನ್ನು ಭೂತಗನ್ನಡಿ ಇಟ್ಟು ನೋಡಿದೆ. ಒಂದೇ ಒಂದು ಗೀರೂ ಇಲ್ಲ. ನಾನು ನಿನ್ನ ಮುಖಕ್ಕೆ ಪೆನ್ಸಿಲನ್ನೇ ತಾಕಿಸಿಲ್ಲ.

ಡಬ್ಬದಲ್ಲಿ ಅದೇ ದಿನದ ಇನ್ನೊಂದು ನೆಗೆಟಿವ್ ಇತ್ತು. ಮೊದಲನೆಯದರಲ್ಲಿ ನೀನು ಅಲುಗಾಡಿದ್ದೆ ಅಂತ ಎರಡನೆಯದು ತೆಗೆದಿದ್ದೆ. ಯಾವುದು ಚೆನ್ನಾಗಿ ಬರುತ್ತದೋ ಅಂತ ಎರಡನ್ನೂ ತಿದ್ದಿದ್ದೆ. ಎರಡು ಮುಖ ತಿದ್ದಿದ ನೆನಪು ಸುಳ್ಳಲ್ಲ, ಎರಡೂ ದೊಡ್ಡವಳ ಮುಖವೇ. ಅದನ್ನು ನೋಡಿದ ಮೇಲೆ ಉಳಿದದ್ದೂ ನೆನಪಾಯಿತು. ದೊಡ್ಡವಳಿಗೆ ಮೊದಲ ಗುಳ್ಳೆ ಕಂಡ ದಿನವೇ ನಿಮ್ಮಮ್ಮ ನಿನ್ನನ್ನು ಚಿಕ್ಕಮ್ಮನ ಮನೆಗೆ ಸಾಗಿಸಿದ್ದಳು. ಮೂರು ವಾರ ಕಳೆದು, ಎಲ್ಲ ಒಣಗಿ ಉದುರಿದ ಮೇಲೆ ಕರೆದುಕೊಂಡು ಬಂದಳು. ಬಂದ ಖುಷಿಗೇ ನಾನು ಆ ಫೋಟೋ ತೆಗೆದದ್ದು. ನಿಮ್ಮಮ್ಮ ಇದ್ದಿದ್ದರೆ ಒಂದು ಉಸಿರಿನಲ್ಲಿ ಹೇಳಿಬಿಡುತ್ತಿದ್ದಳು.

ನಿಮ್ಮ ಶಾಲೆಗೆ ನಾಲ್ಕು ಸಲ ಫೋನ್ ಮಾಡಿದೆ. ಭಾನುವಾರ, ಯಾರೂ ಎತ್ತಲಿಲ್ಲ. ನಿನ್ನ ಮನೆಯಲ್ಲಿ ಫೋನ್ ಇಲ್ಲ. ಹನ್ನೊಂದು ಗಂಟೆ ಬಸ್ಸಿನ ಕಂಡಕ್ಟರ್ ನನ್ನ ಗಿರಾಕಿ, ಅವನ ಮದುವೆಯ ಫೋಟೋ ನಾನೇ ತೆಗೆದದ್ದು. ಅವನ ಕೈಗೆ ಇದನ್ನು ಕೊಡುತ್ತಿದ್ದೇನೆ. "ನಿನ್ನ ಕೈಯಾರೆ ಅವಳ ಕೈಗೇ ಕೊಡಬೇಕು ಕಣಪ್ಪಾ" ಎಂದು ಹೇಳುತ್ತೇನೆ. ನಾನೇ ಬರುತ್ತಿದ್ದೆ. ನನ್ನ ಮುಖ ನೋಡಿದರೆ ನೀನು ಬಾಗಿಲಲ್ಲೇ ಜಗಳಕ್ಕೆ ನಿಂತು ಆಸ್ಪತ್ರೆಗೆ ತಡ ಮಾಡುತ್ತೀಯ ಅನ್ನಿಸಿತು.

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತ ನಿಮ್ಮಮ್ಮ ನನ್ನನ್ನು ಹಂಗಿಸುತ್ತಿದ್ದಳು. ಈ ಸಲ ಮೀಸೆಗೆ ಪೂರ್ತಿ ಮಣ್ಣು ಹತ್ತಿದೆ. ಹತ್ತಲಿ. ನೀನು ಹೋಗು, ಬೇಗ ಹೋಗು.

ಅಪ್ಪ

*

ಜೂನ್ 18

ಅಪ್ಪಾ,

ಕಂಡಕ್ಟರ್ ಭಾನುವಾರ ನಾಲ್ಕು ಗಂಟೆಗೆ ಬಂದ. ಸಮವಸ್ತ್ರದಲ್ಲಿ, ಟಿಕೆಟ್ ಚೀಲದ ಸಮೇತ. ಬೀದಿಯವರೆಲ್ಲ ನಾನು ಟಿಕೆಟ್ ಇಲ್ಲದೆ ಓಡಿಬಂದಿದ್ದೇನೆ ಅಂದುಕೊಂಡಿರಬೇಕು. "ಸಹಿ ಹಾಕಿ ಮೇಡಂ, ಇಲ್ಲಾಂದ್ರೆ ಸಾರ್ ನನ್ನ ಸುಮ್ನೆ ಬಿಡಲ್ಲ" ಎಂದು ಟಿಕೆಟ್ಟಿನ ಹಿಂಭಾಗದಲ್ಲಿ ಸಹಿ ತೆಗೆದುಕೊಂಡು ಹೋದ. ಅದನ್ನು ನಿಮಗೆ ತಂದು ಕೊಟ್ಟನೇ?

ಮೊದಲು ಎರಡು ಸಲ ಓದಿದೆ. ಆಮೇಲೆ ಸಿಟ್ಟು ಬಂತು. ಆಮೇಲೆ ನಿಮ್ಮ ಅಳಿಯ ವ್ಯಾನ್ ತೆಗೆದರು. ಡಾಕ್ಟರಮ್ಮ ಮನೆಯಲ್ಲೇ ಇದ್ದರು. ಬೈಯಲಿಲ್ಲ. ರಕ್ತ ತೆಗೆದು ಕಳಿಸಿದರು, ಸೋಮವಾರ ಮಧ್ಯಾಹ್ನ ಗೊತ್ತಾಯಿತು: ನನ್ನ ರಕ್ತದಲ್ಲಿ ಕಾವಲು ಇಲ್ಲ. ಇವರು ದೊಡ್ಡಾಸ್ಪತ್ರೆಗೆ ಹೋಗಿ, ತಂಪು ಪೆಟ್ಟಿಗೆಯಲ್ಲಿ ಹಾಲಿನ ಬದಲು ಇಂಜೆಕ್ಷನ್ ಇಟ್ಟುಕೊಂಡು ಬಂದರು. ಮಂಗಳವಾರ ಬೆಳಗ್ಗೆ ಚುಚ್ಚಿದರು. ಹತ್ತನೆಯ ದಿನ.

ಇದು ಬೇರೆಯವರ ರಕ್ತದಲ್ಲಿನ ಕಾವಲನ್ನು ತೆಗೆದು ನನಗೆ ಸಾಲ ಕೊಟ್ಟ ಹಾಗಂತೆ. ರೋಗ ಬರದೇ ಇರಬಹುದು, ಬಂದರೂ ಹಗುರಾಗಿ ಬರಬಹುದು. ತಾಕಿದಂದಿನಿಂದ ಇಪ್ಪತ್ತೆಂಟು ದಿನ ಕಾಯಬೇಕು. ಅಲ್ಲಿಯವರೆಗೆ ಶಿಶುವಿಹಾರಕ್ಕೆ ಕಾಲಿಡುವ ಹಾಗಿಲ್ಲ, ನನ್ನಿಂದ ಇನ್ನೊಬ್ಬ ಬಸುರಿಗೆ ತಾಕಿದರೆ? ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ದಿನಾ ತೋಳು, ಹೊಟ್ಟೆ ನೋಡಿಕೊಳ್ಳುತ್ತೇನೆ. ಸೊಳ್ಳೆ ಕಚ್ಚಿದರೂ ಪ್ರಾಣ ಹೋದ ಹಾಗಾಗುತ್ತದೆ.

ನೀವು ಆ ನೆಗೆಟಿವ್ ಹುಡುಕದೇ ಇದ್ದಿದ್ದರೆ? ಬೇಡ, ಅದನ್ನು ಬರೆಯುವುದಿಲ್ಲ. ಹುಡುಕಿದಿರಿ.

ಮಗಳು

*

ಜುಲೈ 2

ಅಪ್ಪಾ,

ಬಂತು. ಸೋಮವಾರ ಸಂಜೆ ಜ್ವರ, ಮೈಕೈ ನೋವು. ಮಂಗಳವಾರ ಬೆಳಗ್ಗೆ ಹೊಟ್ಟೆಯ ಮೇಲೆ ಎರಡು ಕೆಂಪು ಚುಕ್ಕೆ. ಮಧ್ಯಾಹ್ನಕ್ಕೆ ಅವು ನೀರು ತುಂಬಿಕೊಂಡವು, ಬೆನ್ನಿನ ಮೇಲೆ ಇನ್ನಷ್ಟು ಎದ್ದವು. ಇವತ್ತಿಗೆ ಒಟ್ಟು ಇಪ್ಪತ್ಮೂರು. ನಿಮ್ಮ ಅಳಿಯ ಎಣಿಸಿದರು. ಚಿಕ್ಕವರಿದ್ದಾಗಲೇ ಬಂದು ಹೋಗಿದೆಯಂತೆ, ಹಾಗಾಗಿ ಧೈರ್ಯವಾಗಿ ಹತ್ತಿರ ಬರುತ್ತಾರೆ. ಇಂಜೆಕ್ಷನ್ ಇಲ್ಲದಿದ್ದರೆ ಇನ್ನೂರು ಮುನ್ನೂರು ಏಳುತ್ತಿದ್ದವು ಎಂದರು ಡಾಕ್ಟರಮ್ಮ.

ಚುಕ್ಕೆ ಕಂಡ ದಿನವೇ ಮಾತ್ರೆ ಶುರು ಮಾಡಿದರು, ದಿನಕ್ಕೆ ಐದು ಸಲ, ಏಳು ದಿನ. ಅದು ವೈರಸ್ಸನ್ನು ಕೊಲ್ಲುವುದಿಲ್ಲವಂತೆ, ಹೆಚ್ಚದಂತೆ ಕಟ್ಟಿಹಾಕುತ್ತದಂತೆ. ಮೊದಲ ದಿನವೇ ತೆಗೆದುಕೊಂಡರೆ ಕೆಲಸ ಹೆಚ್ಚು. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಆಸ್ಪಿರಿನ್ ಮುಟ್ಟುವ ಹಾಗಿಲ್ಲ. ತುರಿಕೆಗೆ ಗುಲಾಬಿ ಬಣ್ಣದ ಲೋಷನ್. ಉಗುರು ಬುಡದವರೆಗೆ ಕತ್ತರಿಸಿದ್ದೇನೆ. ರೋಗ ಬಂದರೆ ಸ್ನಾನ ಬೇಡ ಅಂತ ನೀವು ಹೋದ ವಾರದ ಪೋಸ್ಟ್ ಕಾರ್ಡಿನಲ್ಲಿ ಬರೆದದ್ದನ್ನು ಡಾಕ್ಟರಮ್ಮನಿಗೆ ಓದಿ ಹೇಳಿದೆ. "ನಿಮ್ಮ ತಂದೆಗೆ ಫೋಟೋ ತೆಗೆಯೋಕೆ ಹೇಳಿ, ಔಷಧಿ ನಾನು ನೋಡ್ಕೋತೀನಿ" ಎಂದು ನಕ್ಕರು. ಉಗುರುಬೆಚ್ಚಗಿನ ನೀರಿನ ಸ್ನಾನ ಮಾಡಬೇಕು, ಉಜ್ಜಬಾರದು, ಮೆತ್ತಗೆ ಒತ್ತಿ ಒರೆಸಬೇಕು ಅಷ್ಟೆ. ಉಸಿರಾಟ ಕಷ್ಟವಾದರೆ ಮಾತ್ರ ಒಂದು ನಿಮಿಷವೂ ತಡ ಮಾಡದೆ ಬನ್ನಿ ಎಂದಿದ್ದಾರೆ. ಮಗುವಿನ ಎದೆಬಡಿತ ಕೇಳಿಸಿದರು. ಕುದುರೆ ಓಡಿದ ಹಾಗೆ ಓಡುತ್ತಿದೆ.

ಒಬ್ಬಳೇ ಮಲಗಿ ಸೂರು ನೋಡುತ್ತಿರುವಾಗ ಅಮ್ಮ ಬೇಕು ಅನ್ನಿಸುತ್ತದೆ. ಇಪ್ಪತ್ತಾರು ವರ್ಷದ ಕತ್ತೆ, ಆದರೂ. ಹಾಗಾಗಿ ಇನ್ನೊಂದು ಪ್ರಶ್ನೆ ಕೇಳುತ್ತೇನೆ. ಮೂರು ವರ್ಷದಿಂದ ಕೇಳಬೇಕು ಅಂತ ಇದ್ದದ್ದು ಇದೇ.

ಅಮ್ಮ ನನ್ನನ್ನು ಕೇಳಿದಳೇ? ಕೊನೆಯಲ್ಲಿ?

ಇದಕ್ಕೂ ಸರಿಯಾಗಿ ನೋಡಿ ಉತ್ತರ ಬರೆಯಿರಿ.

ಮಗಳು

*

ಜುಲೈ 6

ಮೊಂಡಿ,

ಕೇಳಿದಳು.

ಒಂದು ಸಲ ಅಲ್ಲ. ಆಸ್ಪತ್ರೆಯಲ್ಲಿದ್ದ ಒಂಬತ್ತು ದಿನವೂ ಕೇಳಿದಳು. ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ, "ಚಿಕ್ಕವಳು ಬಂದ್ಲಾ?" "ಬರ್ತಾಳೆ, ಹೊರಟಿದ್ದಾಳೆ" ಎಂದೆ. ನಾಲ್ಕನೆಯ ದಿನ ಡಾಕ್ಟರು ನನ್ನನ್ನು ವರಾಂಡಕ್ಕೆ ಕರೆದು, ಮಕ್ಕಳಿಗೆ ತಿಳಿಸಿ ಎಂದರು. ತಲೆಯಾಡಿಸಿದೆ. ಕೆಳಗೆ ಹೋಗಿ ಅಂಚೆ ಕಾಗದ ಕೊಂಡೆ. ನಿನಗೂ ಅಕ್ಕನಿಗೂ ಬರೆಯಲು ಕುಳಿತೆ. ಪೆನ್ನು ಹಿಡಿದರೆ "ಏನೂ ಆಗುವುದಿಲ್ಲ" ಎಂದೇ ಬಂತು. ನಿನ್ನ ಪರೀಕ್ಷೆ ಹಾಳಾಗಬಾರದು ಅಂತ ಬರೆದೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಸುಳ್ಳು. ನಿಮ್ಮನ್ನು ಕರೆಸಿದರೆ ಅವಳು ಉಳಿಯುವುದಿಲ್ಲ ಅಂತ ನಾನೇ ಒಪ್ಪಿಕೊಂಡ ಹಾಗೆ. ನನಗೆ ಆ ಧೈರ್ಯ ಇರಲಿಲ್ಲ.

ಎಂಟನೆಯ ದಿನ ಅವಳಿಗೆ ಗೊತ್ತಾಯಿತು. "ನೀವು ಅವಳಿಗೆ ಬಾ ಅಂತ ಬರ್ದಿಲ್ಲ ಅಲ್ವಾ?" ಎಂದಳು. ನನ್ನ ಕೈಮೇಲೆ ಎರಡು ಸಲ ತಟ್ಟಿದಳು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಇದನ್ನು ನಿನಗೆ ಹೇಳಿದರೆ ನೀನು ಮತ್ತೆ ಬರೆಯದೇ ಹೋಗಬಹುದು. ಹೇಳದೇ ಇದ್ದರೆ ಬರೆಯುತ್ತಿರುತ್ತೀಯ. ಮೂರು ದಿನ ಈ ಎರಡರ ನಡುವೆ ಒದ್ದಾಡಿದೆ. ಆದರೆ ನೀನು ಸರಿಯಾಗಿ ನೋಡಿ ಬರೆಯಿರಿ ಅಂದೆ, ನೋಡಿದೆ, ಬರೆದೆ. ಅಕ್ಕ ಅತ್ತು ಸುಮ್ಮನಾದಳು. ನೀನು ಸುಮ್ಮನಾಗಲಿಲ್ಲ. ನಿನ್ನದೇ ಸರಿ.

ಮಾತ್ರೆ ಒಂದು ಹೊತ್ತೂ ತಪ್ಪಿಸಬೇಡ.

ಅಪ್ಪ

*

ಸೆಪ್ಟೆಂಬರ್ 30

ಅಪ್ಪಾ,

ಹೆಣ್ಣು ಮಗು. ಐದು ದಿನವಾಯಿತು. ಎರಡು ಮುಕ್ಕಾಲು ಕೆ.ಜಿ. ಕಣ್ಣು, ಕಿವಿ, ಕೈಕಾಲು ಎಲ್ಲವನ್ನೂ ಡಾಕ್ಟರಮ್ಮ ತಿರುಗಿಸಿ ತಿರುಗಿಸಿ ನೋಡಿದರು. "ಏನೂ ತೊಂದರೆ ಇಲ್ಲ, ಗಂಟಲು ಮಾತ್ರ ಸ್ವಲ್ಪ ಜಾಸ್ತಿನೇ ಇದೆ" ಎಂದರು. ಒಂದು ವರ್ಷ ತುಂಬಿದ ಮೇಲೆ ಇದಕ್ಕೆ ಈ ರೋಗದ ಲಸಿಕೆ ಹಾಕಿಸುತ್ತೇನೆ, ಆಗಲೇ ಕೇಳಿಟ್ಟಿದ್ದೇನೆ. ನನ್ನ ಗುಳ್ಳೆಗಳೆಲ್ಲ ಒಂದು ವಾರಕ್ಕೇ ಒಣಗಿ ಹಕ್ಕಳೆ ಕಟ್ಟಿ ಉದುರಿದ್ದವು. ನಿನಗೆ ಅಕ್ಕನಿಂದ ಗೊತ್ತಾಗಿರುತ್ತದೆ.

ಹತ್ತಿರ ಹತ್ತಿರ ಮೂರು ತಿಂಗಳು ನಾನು ಬರೆಯಲಿಲ್ಲ. ಬರೆಯಲು ಕುಳಿತರೆ ಕೈ ಓಡುತ್ತಿರಲಿಲ್ಲ. ಸಿಟ್ಟಿತ್ತು. ಈಗಲೂ ಇದೆ, ಸುಳ್ಳು ಹೇಳುವುದಿಲ್ಲ. ಅಮ್ಮ ಒಂಬತ್ತು ದಿನ ಬೆಳಗ್ಗೆ ಬಾಗಿಲು ನೋಡಿದ್ದು ನೆನಪಾದರೆ ಪೆನ್ನು ಕೆಳಗಿಟ್ಟು ಎದ್ದುಬಿಡುತ್ತೇನೆ. ಆದರೆ ಒಂದು ಗೊತ್ತಾಯಿತು. ಅವಳು ನನ್ನನ್ನು ಕೇಳಲೇ ಇಲ್ಲವೇನೋ ಎಂಬ ಭಯ ನನ್ನನ್ನು ಮೂರು ವರ್ಷ ತಿಂದಿತ್ತು. ಆ ಭಯ ಹೋಗಿದೆ. ಅದನ್ನು ತೆಗೆದವನು ನೀನು. ನಿನ್ನನ್ನು ಕೆಟ್ಟವನನ್ನಾಗಿ ಮಾಡಿಕೊಂಡು ತೆಗೆದೆ.

ಮಗುವಿನ ಕಾಲ್ಬೆರಳು ಥೇಟ್ ಅಮ್ಮನದು. ಬಂದು ನೋಡು. ಯಾವಾಗ ಬರುತ್ತೀ ಬರೆ.

ನಿನ್ನ ಮೊಂಡಿ

*

ಅಕ್ಟೋಬರ್ 5

ನನ್ನ ಮೊಂಡಿಗೆ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕ ಇಲ್ಲ. ಕಂಡಕ್ಟರಿಗೂ ತೋರಿಸಿದೆ. "ತಾತ ಆದ್ರಿ ಸಾರ್, ಇನ್ನು ಕೂದಲಿಗೆ ಬಣ್ಣ ಹಾಕೋದು ಬಿಡಿ" ಎಂದ, ಹಾಳಾದವನು.

ಯಾವಾಗ ಬರುತ್ತೀ ಎಂದು ಕೇಳಿದ್ದೀಯ. ಅದಕ್ಕೆ ಉತ್ತರ ಬರೆಯಲು ಕುಳಿತು ಎರಡು ಹಾಳೆ ಹರಿದೆ. ಮೊದಲನೆಯದರಲ್ಲಿ, ಅಂಗಡಿಯಲ್ಲಿ ಕೆಲಸ ಜಾಸ್ತಿ, ಮುಂದಿನ ತಿಂಗಳು ಬರುತ್ತೇನೆ ಅಂತಿತ್ತು. ಎರಡನೆಯದರಲ್ಲಿ ಸಣ್ಣ ನೆಗಡಿ ಅಂತಿತ್ತು. ಇದು ಮೂರನೆಯದು.

ನನಗೆ ಸರ್ಪಸುತ್ತು ಆಗಿದೆ. ನಾಲ್ಕು ದಿನವಾಯಿತು. ಬೆನ್ನಿನಿಂದ ಎಡಗಡೆಯ ಪಕ್ಕೆಯನ್ನು ಬಳಸಿಕೊಂಡು ಎದೆಯವರೆಗೆ ಗುಳ್ಳೆ ಎದ್ದಿವೆ, ಒಂದೇ ಕಡೆ, ಪಟ್ಟಿ ಕಟ್ಟಿದ ಹಾಗೆ. ಡಾಕ್ಟರು ಹೇಳಿದರು, ಇದೂ ಅದೇ ವೈರಸ್ಸಂತೆ. ನನಗೆ ಆರು ವರ್ಷದಲ್ಲಿ ಸೀತಾಳ ಸಿಡುಬು ಬಂದಿತ್ತು. ರೋಗ ವಾಸಿಯಾದರೂ ಅದು ಮೈ ಬಿಟ್ಟು ಹೋಗುವುದಿಲ್ಲ, ಬೆನ್ನುಮೂಳೆಯ ಪಕ್ಕದ ನರದಲ್ಲಿ ಸದ್ದಿಲ್ಲದೆ ಮಲಗಿರುತ್ತದೆ. ವಯಸ್ಸಾಗಿ ಮೈ ಸೋತಾಗ ಎದ್ದು ಬರುತ್ತದೆ. ಐವತ್ತೆಂಟು ವರ್ಷ ನನ್ನೊಳಗೇ ಇತ್ತು, ನನಗೇ ಗೊತ್ತಿರಲಿಲ್ಲ ನೋಡು. ನಿನಗೆ ಕೊಟ್ಟಿದ್ದ ಮಾತ್ರೆಯನ್ನೇ ನನಗೂ ಕೊಟ್ಟಿದ್ದಾರೆ.

ನೀನು ಈಗ ಬರಬೇಡ. ಕಾಗದ ಬಿಸಾಡಬೇಡ, ಮುಂದೆ ಓದು. ಇದು ಆ ಹಿಂದಿನ 'ಬರಬೇಡ' ಅಲ್ಲ. ನನ್ನ ಗುಳ್ಳೆಯ ನೀರು ತಾಕಿದರೆ ಹಸುಗೂಸಿಗೆ ಸೀತಾಳ ಸಿಡುಬು ಬರಬಹುದು, ಎಲ್ಲ ಒಣಗುವವರೆಗೆ ಮಗುವನ್ನು ಹತ್ತಿರ ತರಬಾರದು ಎಂದು ಡಾಕ್ಟರು ಹೇಳಿದ್ದಾರೆ. ಅನುಮಾನವಿದ್ದರೆ ನಿನ್ನ ಡಾಕ್ಟರಮ್ಮನನ್ನು ಕೇಳು. ನನ್ನ ಮಾತನ್ನು ಒಂದು ಸಲ ಪರೀಕ್ಷಿಸಿ ನೋಡುವುದು ಒಳ್ಳೆಯದೇ. ಇನ್ನು ಎಂಟು ಹತ್ತು ದಿನ ಬೇಕಾಗಬಹುದು.

ಈಗ ನಿಜ ಹೇಳುತ್ತೇನೆ. ತುಂಬಾ ನೋವಿದೆ. ಬನಿಯನ್ ತಾಕಿದರೂ ಜೀವ ಹೋಗುತ್ತದೆ. ಮೊನ್ನೆ ಕ್ಯಾಮೆರಾ ಎತ್ತಲು ಹೋಗಿ ಗಿರಾಕಿಯ ಮುಂದೆಯೇ ಅತ್ತುಬಿಟ್ಟೆ. ಅವತ್ತಿನಿಂದ ಅಂಗಡಿ ತೆಗೆದಿಲ್ಲ. ಮನೆಯಲ್ಲಿ ಒಬ್ಬನೇ ಇದ್ದೇನೆ. ಭಯವಾಗುತ್ತದೆ. ಅರವತ್ನಾಲ್ಕು ವರ್ಷದಲ್ಲಿ ಈ ಮಾತನ್ನು ಯಾರಿಗೂ ಹೇಳಿರಲಿಲ್ಲ, ನಿಮ್ಮಮ್ಮನಿಗೂ ಹೇಳಿರಲಿಲ್ಲ.

ಕೊನೆಯ ಗುಳ್ಳೆ ಒಣಗಿದ ದಿನ ಬರೆಯುತ್ತೇನೆ. ನನಗೆ ಬಸ್ಸಿನಲ್ಲಿ ಕೂರಲು ಆಗುವುದಿಲ್ಲ. ಆ ಕಾಗದ ಸಿಕ್ಕಿದ ತಕ್ಷಣ ಅಳಿಯನಿಗೆ ವ್ಯಾನ್ ತೆಗೆಯಲು ಹೇಳು. ಮಗುವನ್ನು ಕರೆದುಕೊಂಡು ಬಾ ಮಗಳೇ. ನನಗೆ ನೀನು ಬೇಕು.

ಅಪ್ಪ